ಕಾರ್ಖಾನೆಯ ಮಾಡಿನ ಮೇಲೆ ಹಾಕಿಸಿದ ಸುರಕ್ಷತಾ ತಂತಿ: ಒಂದು ಮಳೆಗಾಲ ಕಳೆದ ಮೇಲಿನ ವಿಮರ್ಶೆ

ಸೇಫ್ಟಿ ಬೆಲ್ಟು ನಮ್ಮ ಕಾರ್ಖಾನೆಯಲ್ಲಿ ಮೊದಲಿನಿಂದಲೂ ಇತ್ತು; ಅದರ ಕೊಂಡಿಯನ್ನು ಸಿಕ್ಕಿಸುವ ಜಾಗ ಮಾತ್ರ ಇರಲಿಲ್ಲ. ಕಾರ್ಕಳದ ಸಮೀಪದ ಈ ಗೇರುಬೀಜದ ಕಾರ್ಖಾನೆಯ ನಿರ್ವಹಣೆಯನ್ನು ನಾನು ನೋಡಿಕೊಳ್ಳುತ್ತೇನೆ. ವರ್ಷಕ್ಕೆ 4000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಾದ್ದರಿಂದ, ಮೇ ತಿಂಗಳು ಮುಗಿಯುವುದರೊಳಗೆ ಛಾವಣಿಯ, ನಮ್ಮ ಕಡೆಯ ಮಾತಿನಲ್ಲಿ ಮಾಡಿನ, ಪಾಚಿ ಉಜ್ಜಿಸಿ, ಗಟರಿನ ತರಗೆಲೆ ತೆಗೆಸಿ, ಸಡಿಲವಾದ ಸ್ಕ್ರೂಗಳನ್ನು ಬಿಗಿಸಲೇಬೇಕು. ಆ ಕೆಲಸಕ್ಕೆ ಮೇಲೆ ಹೋದವರು ಬೆಲ್ಟನ್ನು ಸೊಂಟಕ್ಕೆ ಕಟ್ಟಿಕೊಂಡು, ಅದರ ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡುವುದನ್ನು ನಾನು ಎಷ್ಟೋ ವರ್ಷ ಕೆಳಗೆ ನಿಂತು ನೋಡಿದ್ದೇನೆ. ಅವರ ತಪ್ಪೇನೂ ಇರಲಿಲ್ಲ, ಏಕೆಂದರೆ ನುಣುಪಾದ ತಗಡಿನ ಮೇಲೆ ಕೊಂಡಿ ಹಾಕಲು ಅವರಿಗೆ ನಾವು ಏನನ್ನೂ ಒದಗಿಸಿರಲಿಲ್ಲ. ಹೊಸ ಶೆಡ್ಡಿನ ಮೇಲೆ ಸೋಲಾರ್ ಫಲಕಗಳನ್ನು ಕೂರಿಸಿದ ಮೇಲೆ ಅವುಗಳನ್ನು ತೊಳೆಯಲು ಬೇಸಗೆಯಲ್ಲಿ ತಿಂಗಳಿಗೆ ಎರಡು ಸಲ ಜನ ಹತ್ತಬೇಕಾಯಿತು. ವರ್ಷಕ್ಕೊಮ್ಮೆ ಇದ್ದ ಅಪಾಯ ಹದಿನೈದು ದಿನಕ್ಕೊಮ್ಮೆ ಬರತೊಡಗಿದಾಗ ಇನ್ನು ಸುಮ್ಮನಿರುವುದು ಸಾಧ್ಯವಿಲ್ಲವೆನಿಸಿ, ಮಾಡಿನ ಮೇಲೆ ಶಾಶ್ವತವಾದ ಆಂಕರ್ ಪಾಯಿಂಟು, ಅಂದರೆ ಕೊಂಡಿ ಸಿಕ್ಕಿಸುವ ಗಟ್ಟಿ ನೆಲೆ, ಮತ್ತು ಸುರಕ್ಷತಾ ತಂತಿಯನ್ನು ಅಳವಡಿಸುವ ಸಂಸ್ಥೆಗಳನ್ನು ಹುಡುಕಿದೆ.

ಮೂರು ಸಂಸ್ಥೆಗಳನ್ನು ಕೇಳಿದೆ. ಮೊದಲನೆಯವರು ಮಾಡಿನ ಫೋಟೊ ತರಿಸಿಕೊಂಡು ಅದೇ ದಿನ ದರ ತಿಳಿಸಿದರು. ಎರಡನೆಯವರು ತಗಡಿನ ದಪ್ಪವನ್ನೂ ವಿಚಾರಿಸದೆ, ತಗಡಿಗೇ ರಿವೆಟ್ ಹೊಡೆದು ಕೂರಿಸುತ್ತೇವೆ ಎಂದರು. ತಗಡಿನ ಮೇಲೆ ನೇರವಾಗಿ ಕೂರಿಸುವ ಆಂಕರುಗಳು ಇಲ್ಲದೇ ಇಲ್ಲ. ಆದರೆ ಅವನ್ನು ಇಂತಿಷ್ಟೇ ದಪ್ಪದ, ಇಂಥದೇ ಆಕಾರದ ತಗಡಿನ ಮೇಲೆ ಪರೀಕ್ಷಿಸಿರುತ್ತಾರೆ, ಸ್ಕ್ರೂ ತೂತಿನ ಸುತ್ತ ತುಕ್ಕು ಹಿಡಿದ ನಮ್ಮ ತಗಡಿಗೆ ಆ ಪರೀಕ್ಷೆಯ ಫಲ ಅನ್ವಯಿಸುವುದಿಲ್ಲ. ಮೂರನೆಯ ಸಂಸ್ಥೆಯ ಎಂಜಿನಿಯರು ಮಾತ್ರ ಮಾಡನ್ನು ಹತ್ತುವ ಮೊದಲು ಶೆಡ್ಡಿನ ಒಳಗೆ ಅರ್ಧ ದಿನ ಕಳೆದು, ತಗಡನ್ನು ಹೊತ್ತ ಅಡ್ಡ ತೊಲೆಗಳಾದ ಪರ್ಲಿನ್‌ಗಳನ್ನು ಒಂದೊಂದಾಗಿ ಬಡಿದು ನೋಡಿ, ಎಲ್ಲಿ ತುಕ್ಕು ತಿಂದಿದೆ, ಎಲ್ಲಿ ಬೋಲ್ಟು ಸಡಿಲವಾಗಿದೆ ಎಂದು ಗುರುತು ಹಾಕಿಕೊಂಡರು. ಕೆಲಸವನ್ನು ಅವರಿಗೇ ಕೊಟ್ಟೆವು. ಅವರ ಕೊರತೆಗಳನ್ನೂ ಮುಂದೆ ಹೇಳಲಿರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ನಮ್ಮ ಹೊಸ ಶೆಡ್ಡು 42 ಮೀಟರ್ ಉದ್ದ, 18 ಮೀಟರ್ ಅಗಲ. ಮಾಡಿನ ನೆತ್ತಿಯ ಉದ್ದಕ್ಕೂ, ಎರಡೂ ತುದಿಗಳಲ್ಲಿ 2 ಮೀಟರ್ ಒಳಗೆ ನಿಲ್ಲುವಂತೆ, 8 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಉಕ್ಕಿನ ತಂತಿಯನ್ನು ಎಳೆದಿದ್ದಾರೆ. ತಂತಿಗೆ ಆಧಾರವಾಗಿ ಏಳು ಕಂಬಗಳಿವೆ; ಪ್ರತಿಯೊಂದರ ಬೋಲ್ಟುಗಳೂ ತಗಡನ್ನು ದಾಟಿ ಪರ್ಲಿನ್‌ಗೆ ಬಿಗಿದಿವೆ. ಒಂದು ತುದಿಯಲ್ಲಿ ತಂತಿಯ ಬಿಗಿತವನ್ನು ತೋರಿಸುವ ಗುರುತೂ, ಯಾರಾದರೂ ಬಿದ್ದರೆ ಎಳೆತವನ್ನು ತಾನು ನುಂಗಿಕೊಂಡು ಕಂಬಗಳ ಮೇಲಿನ ಭಾರವನ್ನು ಕಡಿಮೆ ಮಾಡುವ ಸಾಧನವೂ ಇವೆ. ತಂತಿಯ ಮೇಲೆ ಓಡುವ ಕೊಂಡಿ ನಡುವಿನ ಕಂಬಗಳನ್ನು ತಾನಾಗಿ ದಾಟಿಕೊಂಡು ಹೋಗುವುದರಿಂದ, ಕೆಲಸಗಾರರು ದಾರಿಯಲ್ಲಿ ಎಲ್ಲಿಯೂ ಅದನ್ನು ಬಿಚ್ಚಿ ಹಾಕಬೇಕಾಗಿಲ್ಲ. ಮೊದಲು ಅವರು ಸತು ಲೇಪಿಸಿದ ತಂತಿಯ ದರ ಕೊಟ್ಟಿದ್ದರು. ಮಳೆ ಮತ್ತು ಬಾಯ್ಲರಿನ ಹೊಗೆ ಎರಡೂ ಸೇರುವ ಜಾಗದಲ್ಲಿ ಅದು ಬಾಳುವುದಿಲ್ಲವೆಂದು ನಾವು ಹಟ ಹಿಡಿದ ಮೇಲೆ 316 ದರ್ಜೆಯ ಸ್ಟೇನ್‌ಲೆಸ್ ತಂತಿಗೆ ಬದಲಾಯಿಸಿದರು. ಈ ಸಲಹೆ ಅವರಿಂದಲೇ ಬರಬೇಕಾಗಿತ್ತು.

ಅವರು ಮಾಡಿದ ಅತ್ಯುತ್ತಮ ಕೆಲಸ ಒಂದು ಲೆಕ್ಕ. ಸಾಮಾನ್ಯವಾಗಿ ಬಳಕೆಯಲ್ಲಿರುವ ಲ್ಯಾನ್ಯಾರ್ಡು, ಅಂದರೆ ಬೆಲ್ಟನ್ನು ಆಂಕರಿಗೆ ಜೋಡಿಸುವ ಹಗ್ಗ, 2 ಮೀಟರ್ ಉದ್ದವಿರುತ್ತದೆ. ಮನುಷ್ಯ ಬಿದ್ದಾಗ ಅದಕ್ಕೆ ಸೇರಿದ ಶಾಕ್ ಅಬ್ಸಾರ್ಬರಿನ ಹೊಲಿಗೆ ಬಿಚ್ಚುತ್ತಾ ಹೋಗಿ, ದೇಹದ ಮೇಲೆ ಬೀಳುವ ಎಳೆತವನ್ನು 6 ಕಿಲೋನ್ಯೂಟನ್, ಅಂದರೆ ಸರಿಸುಮಾರು 600 ಕಿಲೋ ಭಾರದ ಎಳೆತದ, ಒಳಗೆ ಹಿಡಿಯುತ್ತದೆ. ಹಾಗೆ ಬಿಚ್ಚಿಕೊಳ್ಳುವಾಗ ಅದು 1.75 ಮೀಟರ್‌ವರೆಗೆ ಉದ್ದವಾಗಬಹುದು. ಹಗ್ಗ ಸಿಕ್ಕಿಸುವ, ಬೆನ್ನಿನ ಮೇಲಿನ ಬಳೆಯಿಂದ ಪಾದದವರೆಗೆ 1.5 ಮೀಟರ್, ಪಾದದ ಕೆಳಗೆ ಉಳಿಯಬೇಕಾದ ತೆರಪು 1 ಮೀಟರ್. ಎಲ್ಲ ಕೂಡಿದರೆ ಕೊಂಡಿ ಹಾಕಿದ ಮಟ್ಟದಿಂದ ಕೆಳಕ್ಕೆ 6.25 ಮೀಟರ್ ಜಾಗ ಬೇಕು. ನಮ್ಮ ಮಾಡಿನ ಅಂಚು ನೆಲದಿಂದ ಇರುವುದು 5 ಮೀಟರ್ ಎತ್ತರದಲ್ಲಿ. ಬಿದ್ದವನನ್ನು ಹಗ್ಗ ಪೂರ್ತಿ ತಡೆದು ನಿಲ್ಲಿಸುವ ಮೊದಲೇ ಅವನು ನೆಲ ಮುಟ್ಟಿರುತ್ತಾನೆ. ಇದನ್ನು ಅವರು ಕಾಗದದ ಮೇಲೆ ಬರೆದು ತೋರಿಸಿದಾಗ, ಇಷ್ಟು ವರ್ಷ ಬೆಲ್ಟು ಕಟ್ಟಿಸಿ ಸಮಾಧಾನಪಟ್ಟುಕೊಂಡದ್ದು ನೆನಪಾಗಿ ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅಲ್ಲದೆ ತಗಡಿನ ಅಂಚು ಕತ್ತಿಯಷ್ಟು ಹರಿತ. ಅದರ ಮೇಲೆ ಮಡಿಚಿ ಜಗ್ಗಿದರೆ ನೂಲಿನ ಪಟ್ಟಿ ಹರಿದೇ ಹೋಗಬಹುದು.

ಆದ್ದರಿಂದ ನಮ್ಮ ಶೆಡ್ಡಿಗೆ ಅವರು ಸೂಚಿಸಿದ್ದು ಬಿದ್ದವನನ್ನು ಹಿಡಿಯುವ ವ್ಯವಸ್ಥೆಗೆ ಬದಲಾಗಿ, ಬೀಳುವ ಜಾಗಕ್ಕೆ ಹೋಗಗೊಡದ ವ್ಯವಸ್ಥೆ. ನೆತ್ತಿಯ ತಂತಿಯಿಂದ ಇಳಿಯುವ ಹಗ್ಗದ ಉದ್ದವನ್ನು ಹಿಡಿಕೆಯಿಂದ ಹೊಂದಿಸಿಕೊಳ್ಳಬಹುದು. ಮೊಣಕಾಲೂರಿ ಕುಳಿತವನ ಕೈ ಗಟರಿಗೆ ಎಟಕುವಷ್ಟು, ಆದರೆ ಮೈ ಅಂಚನ್ನು ದಾಟದಷ್ಟು ಉದ್ದದಲ್ಲಿ ಹಗ್ಗಕ್ಕೆ ತಡೆ ಹಾಕಿದ್ದಾರೆ. ನಾನೇ ಹತ್ತಿ, ಅಂಚಿನ ಕಡೆಗೆ ವಾಲಿ ನೋಡಿದ್ದೇನೆ. ಹಗ್ಗ ಹಿಂದಕ್ಕೆ ಹಿಡಿಯುತ್ತದೆ.

ಇಷ್ಟು ಚೆನ್ನಾಗಿ ಲೆಕ್ಕ ಹಾಕಿದವರು ಮೊದಲ ನಕ್ಷೆಯಲ್ಲಿ ಎರಡು ಕಡೆ ಎಡವಿದ್ದರು. ಏಣಿ ಬಂದು ತಲುಪುವುದು ಮಾಡಿನ ಕೆಳ ಅಂಚಿಗೆ. ತಂತಿ ಇರುವುದು ಅಲ್ಲಿಂದ 9 ಮೀಟರ್ ಮೇಲೆ, ನೆತ್ತಿಯಲ್ಲಿ. ಏಣಿಯಿಂದ ತಂತಿಯವರೆಗೆ ಕೆಲಸಗಾರ ಯಾವ ಆಸರೆಯೂ ಇಲ್ಲದೆ ನಡೆಯಬೇಕಾಗಿತ್ತು, ಅದೂ ಎಲ್ಲಕ್ಕಿಂತ ಅಪಾಯದ ಅಂಚಿನಿಂದ. ಎರಡನೆಯದು ಮೂಲೆಗಳು. ನೆತ್ತಿಯ ತಂತಿಯ ತುದಿಯಿಂದ ಮೂಲೆಯ ಕಡೆಗೆ ಓರೆಯಾಗಿ ಹೋದವನು ಪಕ್ಕದ ಗೋಡೆಯ ಅಂಚಿನಿಂದ ಜಾರಿದರೆ, ಉದ್ದವಾದ ಹಗ್ಗದ ತುದಿಯಲ್ಲಿ ಗಡಿಯಾರದ ಲೋಲಕದಂತೆ ಬೀಸಿಕೊಂಡು ಹೋಗಿ ಗೋಡೆಗೋ ನೆಲಕ್ಕೋ ಬಡಿಯುತ್ತಾನೆ. ಏಣಿಯ ಕೊರತೆಯನ್ನು ತೋರಿಸಿದವರು ಮಾಡು ರಿಪೇರಿಗೆ ಬರುವ ನಮ್ಮ ಹಳೆಯ ಕೆಲಸಗಾರರು. "ಮೇಲೆ ಹೋಗಿ ಹುಕ್ ಹಾಕುವವರೆಗೆ ನಮ್ಮನ್ನು ಹಿಡಿಯುವವರು ಯಾರು ಮಾರಾಯ್ರೆ?" ಎಂದು ಅವರು ಕೇಳಿದ ಪ್ರಶ್ನೆಗೆ ಎಂಜಿನಿಯರರಲ್ಲಿ ಉತ್ತರವಿರಲಿಲ್ಲ. ಸಂಸ್ಥೆಯವರು ವಾದಕ್ಕಿಳಿಯದೆ ಒಪ್ಪಿಕೊಂಡು, ಏಣಿಯ ತಲೆಯ ಬಳಿ ಒಂದು, ನಾಲ್ಕು ಮೂಲೆಗಳಲ್ಲಿ ನಾಲ್ಕು ಬಿಡಿ ಆಂಕರ್ ಪಾಯಿಂಟುಗಳನ್ನು ಸೇರಿಸಿದರು. ಏಣಿಯನ್ನು ಅಂಚಿಗಿಂತ 1 ಮೀಟರ್ ಎತ್ತರಿಸಿ, ಜಾರದಂತೆ ಕಟ್ಟಿ ನಿಲ್ಲಿಸಿದರು. ಈಗ ಎರಡು ಕವಲಿನ ಲ್ಯಾನ್ಯಾರ್ಡಿನಿಂದ, ಒಂದು ಕೊಂಡಿ ಬಿಚ್ಚುವ ಮೊದಲು ಇನ್ನೊಂದನ್ನು ಸಿಕ್ಕಿಸುತ್ತಾ, ಒಂದು ಕ್ಷಣವೂ ಬಿಡುವಿಲ್ಲದೆ ನೆತ್ತಿಯವರೆಗೆ ಹೋಗಬಹುದು. ಈ ಐದು ಪಾಯಿಂಟುಗಳಿಗೆ ಹೆಚ್ಚುವರಿ ಹಣ ಕೇಳಿದ್ದು ಮಾತ್ರ ನ್ಯಾಯವೆನಿಸಲಿಲ್ಲ. ಅರ್ಧ ಅವರು, ಅರ್ಧ ನಾವು ಎಂದು ಕೊನೆಗೆ ತೀರ್ಮಾನವಾಯಿತು.

ಬಿಡಿ ಪಾಯಿಂಟುಗಳ ಪ್ರಮಾಣಪತ್ರದಲ್ಲಿ ಇಎನ್ 795 ಎಂಬ ಯುರೋಪಿನ ಮಾನದಂಡದ ಉಲ್ಲೇಖವಿದೆ. ಅದರ 2012ರ ಆವೃತ್ತಿಯಂತೆ ಇಂಥ ಲೋಹದ ಆಂಕರು 12 ಕಿಲೋನ್ಯೂಟನ್, ಅಂದರೆ ಸರಿಸುಮಾರು 1200 ಕಿಲೋ ಭಾರದಷ್ಟು ಎಳೆತವನ್ನು ಮೂರು ನಿಮಿಷ ತಾಳಬೇಕು. ಆದರೆ ಇದು ಪ್ರಯೋಗಶಾಲೆಯಲ್ಲಿ ಆಂಕರಿಗೆ ಮಾಡಿದ ಪರೀಕ್ಷೆ. ಅದನ್ನು ಹೊತ್ತ ಪರ್ಲಿನ್ ಗಟ್ಟಿಯಿದೆಯೇ ಎಂಬುದನ್ನು ಯಾವ ಪ್ರಮಾಣಪತ್ರವೂ ಹೇಳುವುದಿಲ್ಲ. ತುಕ್ಕು ತಿಂದ ಎರಡು ಪರ್ಲಿನ್‌ಗಳಿಗೆ ಹೊಸ ತುಂಡುಗಳನ್ನು ಜೋಡಿಸಿದ ಮೇಲೆಯೇ ಅವರು ಕೆಲಸ ಶುರುಮಾಡಿದ್ದರಿಂದ ನನಗೆ ನಂಬಿಕೆ ಬಂತು.

ನಾವು ಕೇಳದೇ ಇದ್ದ ಇನ್ನೊಂದು ವಿಷಯವನ್ನು ಅವರು ಎತ್ತಿದರು. ಶೆಡ್ಡಿನ ಒಳಗೆ ಬೆಳಕು ಬರಲೆಂದು ಮಾಡಿನಲ್ಲಿ ಅಲ್ಲಲ್ಲಿ ಹಾಕಿರುವ ಫೈಬರ್ ಶೀಟುಗಳು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪಾಚಿ ಕಟ್ಟಿ ತಗಡಿನ ಬಣ್ಣಕ್ಕೇ ತಿರುಗಿರುತ್ತವೆ. ಅದರ ಮೇಲೆ ಕಾಲಿಟ್ಟವನಿಗೆ ತಾನು ತಗಡಿನ ಮೇಲಿಲ್ಲವೆಂದು ತಿಳಿಯುವುದು ಶೀಟು ಒಡೆದಾಗಲೇ. ಅಂಚಿಗೆ ಹೋಗದಂತೆ ಹಿಡಿಯುವ ಹಗ್ಗ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ಹನ್ನೆರಡು ಶೀಟುಗಳ ಮೇಲೂ ಉಕ್ಕಿನ ಜಾಲರಿ ಹಾಕಿಸಿ ಎಂದು ಅವರು ಬರೆದುಕೊಟ್ಟರು. ಆ ಕೆಲಸದಲ್ಲಿ ಅವರಿಗೆ ಒಂದು ಪೈಸೆಯೂ ಸಿಗುವಂತಿರಲಿಲ್ಲ, ಊರಿನ ವೆಲ್ಡಿಂಗ್ ಅಂಗಡಿಯವರೇ ಮಾಡಿದರು. ತಂತಿಗಿಂತ ಈ ಜಾಲರಿಯೇ ಹೆಚ್ಚು ಜೀವ ಉಳಿಸುತ್ತದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದು ಯಾರ ನೆನಪನ್ನೂ ಅವಲಂಬಿಸಿಲ್ಲ; ಬೆಲ್ಟು ಹಾಕಲು ಮರೆತವನನ್ನೂ ಅದು ತಡೆಯುತ್ತದೆ.

ಹಳೆಯ ಗೋದಾಮಿನ ಸಿಮೆಂಟ್ ಶೀಟಿನ ಮಾಡಿಗೂ ತಂತಿ ಹಾಕಿಕೊಡಿ ಎಂದು ಕೇಳಿದಾಗ ಅವರು ಖಂಡಿತವಾಗಿ ನಿರಾಕರಿಸಿದರು. ಆ ಶೀಟು ಸೂಚನೆಯಿಲ್ಲದೆ ಮುರಿಯುತ್ತದೆ, ಅದರ ಮೇಲೆ ಯಾರೂ ನಡೆಯಲೇಬಾರದು, ರಿಪೇರಿಯೇನಿದ್ದರೂ ಕೆಳಗಿನಿಂದ ಅಟ್ಟಣೆ ಕಟ್ಟಿ ಅಥವಾ ಬೂಮ್ ಲಿಫ್ಟ್ ತರಿಸಿ ಮಾಡಿಸಿ ಎಂದರು. ಬಂದ ಕೆಲಸವನ್ನು ಬೇಡವೆಂದ ಈ ನಡತೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಅವರಿಂದಲೇ ಕೊಂಡ ನಾಲ್ಕು ಹಾರ್ನೆಸ್‌ಗಳು ಚೆನ್ನಾಗಿವೆ. ಸೊಂಟದ ಬೆಲ್ಟು ಬಿದ್ದವನ ಎಳೆತವನ್ನೆಲ್ಲ ಹೊಟ್ಟೆ ಮತ್ತು ಬೆನ್ನುಮೂಳೆಯ ಮೇಲೆ ಹೇರಿದರೆ, ಇಡೀ ಮೈಗೆ ತೊಡುವ ಹಾರ್ನೆಸ್ ಅದನ್ನು ತೊಡೆ, ಸೊಂಟ, ಎದೆ, ಹೆಗಲುಗಳಿಗೆ ಹಂಚುತ್ತದೆ. ತೊಡೆಯ ಪಟ್ಟಿಯೊಳಗೆ ಚಪ್ಪಟೆಯಾಗಿ ಚಾಚಿದ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು. ಬೆನ್ನಿನ ಬಳೆ ಎರಡು ಹೆಗಲೆಲುಬುಗಳ ನಡುವೆ ಕೂರಬೇಕು ಎಂದು ಒಬ್ಬೊಬ್ಬರಿಗೂ ತೊಡಿಸಿ ಕಲಿಸಿದರು. ಬಿಸಿಲಿಗೆ ಬಣ್ಣಗೆಟ್ಟು, ಸ್ಟೋರಿನ ಮೊಳೆಯಲ್ಲಿ ಬೂಸ್ಟು ಹಿಡಿದು ನೇತಾಡುತ್ತಿದ್ದ ಹಳೆಯ ಸೊಂಟದ ಬೆಲ್ಟುಗಳನ್ನು ಮತ್ತೆ ಯಾರೂ ಬಳಸದಂತೆ ಕತ್ತರಿಸಿ ಹಾಕಿದೆ.

ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಎರಡು ಕಂಬಗಳ ಬುಡದಲ್ಲಿ ನೀರು ಸೋರಿತು, ಅದೂ ತಿರುಳು ಒಣಗಿಸುವ ಕೋಣೆಯ ನೇರ ಮೇಲೆ. ದೂರು ಕೊಟ್ಟ ನಾಲ್ಕನೆಯ ದಿನ ಬಂದು ರಬ್ಬರ್ ವಾಷರ್ ಬದಲಿಸಿ, ಸೀಲಿಂಗ್ ಟೇಪು ಹಾಕಿ ಸರಿಪಡಿಸಿದರು. ಆ ಮೇಲೆ ಸೋರಿಲ್ಲ. ನಮ್ಮ ಜಿಲ್ಲೆಯಲ್ಲಿ ಮಾಡಿಗೆ ತೂತು ಕೊರೆಯುವವರು ಮಳೆಗೆ ಮೊದಲೇ ನೀರು ಹೊಯ್ದು ಪರೀಕ್ಷಿಸಿ ತೋರಿಸಬೇಕು. ಈ ಶರತ್ತನ್ನು ನಾನು ಒಪ್ಪಂದದಲ್ಲಿ ಬರೆಸದೇ ಹೋದೆ.

ಇದಕ್ಕಿಂತ ಗಂಭೀರವಾದ ಕೊರತೆ ತರಬೇತಿಯಲ್ಲಿತ್ತು. ಬಿದ್ದು ಹಾರ್ನೆಸ್‌ನಲ್ಲಿ ಅಲುಗಾಡದೆ ತೂಗುವವನ ಕಾಲುಗಳಲ್ಲಿ ರಕ್ತ ನಿಂತು, ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಅಪಾಯವಾಗಬಹುದು. ಅವನನ್ನು ಕೆಳಗಿಳಿಸುವುದು ಹೇಗೆ, ಯಾರು, ಯಾವ ಸಲಕರಣೆಯಿಂದ ಎಂಬುದಕ್ಕೆ ಅವರ ಎರಡು ಗಂಟೆಯ ತರಬೇತಿಯಲ್ಲಿ ಸಿಕ್ಕಿದ್ದು ಒಂದು ವಾಕ್ಯ. ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ ಎಂಬ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ, ಅವರು ಬರುವವರೆಗಿನ ನಿಮಿಷಗಳೇ ಮುಖ್ಯವಾದವು. ನಾನು ಎರಡು ಪತ್ರ ಬರೆದ ಮೇಲೆ ಮತ್ತೆ ಬಂದು, 70 ಕಿಲೋದ ಮರಳಿನ ಚೀಲವನ್ನು ಅಂಚಿನಿಂದ ತೂಗಿಬಿಟ್ಟು, ರಾಟೆಯ ಹಗ್ಗದಿಂದ ಇಳಿಸುವುದನ್ನು ನಮ್ಮ ನಾಲ್ವರಿಂದ ಮಾಡಿಸಿದರು. ಮೊದಲ ಸಲ ಹದಿನೇಳು ನಿಮಿಷ ಹಿಡಿಯಿತು, ಮೂರನೆಯ ಸಲ ಆರು.

ಕೆಲಸಗಾರರು ಮೊದಲು ಒಪ್ಪಿರಲಿಲ್ಲ. "ಇದು ಕಟ್ಟಿಕೊಂಡರೆ ಕೆಲಸ ಸಾಗುವುದಿಲ್ಲ, ಜಾರಿದರೆ ಏನಾದರೂ ಹಿಡಿದುಕೊಳ್ಳುತ್ತೇವೆ" ಎಂಬುದು ಅವರ ವಾದ. ಎರಡು ಮೀಟರ್ ಬೀಳಲು ಮುಕ್ಕಾಲು ಸೆಕೆಂಡೂ ಬೇಡ. ಅಷ್ಟರಲ್ಲಿ ಮೈಗೆ ಗಂಟೆಗೆ 22 ಕಿಲೋಮೀಟರಿನ ವೇಗ ಬಂದಿರುತ್ತದೆ ಎಂದು ಎಂಜಿನಿಯರು ವಿವರಿಸಿದಾಗಲೂ ಅವರು ನಕ್ಕರು. ಎರಡೂ ಕೈ ಬಿಟ್ಟು ಪಾಚಿ ಉಜ್ಜಬಹುದು, ಹಗ್ಗ ಬೆನ್ನ ಹಿಂದಿದೆ ಎಂಬುದು ಕೆಲಸ ಮಾಡುತ್ತಾ ಅನುಭವಕ್ಕೆ ಬಂದ ಮೇಲೆ ಮಾತು ಬದಲಾಯಿತು. ಈ ಮೇ ತಿಂಗಳಲ್ಲಿ ಕೆಲಸ ಮೂರೇ ದಿನದಲ್ಲಿ ಮುಗಿದಿದೆ.

ತಂತಿ, ಪಾಯಿಂಟುಗಳು, ನಾಲ್ಕು ಹಾರ್ನೆಸ್, ತರಬೇತಿ ಸೇರಿ ತೆರಿಗೆ ಬಿಟ್ಟು 2,35,000 ರೂಪಾಯಿ ಆಯಿತು. ಸಣ್ಣ ಕಾರ್ಖಾನೆಗೆ ಇದು ಹಗುರವಾದ ಮೊತ್ತವಲ್ಲ. ಎತ್ತರದಿಂದ ಬೀಳುವ ಸಂಭವವಿದ್ದಲ್ಲಿ ಬೇಲಿಯಿಂದಲೋ ಬೇರೆ ಉಪಾಯದಿಂದಲೋ ರಕ್ಷಣೆ ಒದಗಿಸಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 32ನೇ ಪ್ರಕರಣವೇ ಹೇಳಿತ್ತು; ನಾವು ಅದನ್ನು ತಡವಾಗಿ ಪಾಲಿಸಿದ್ದೇವೆ. ಅಳತೆ ಮತ್ತು ಅಳವಡಿಕೆಗೆ ಈ ಸಂಸ್ಥೆಯನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ, ರಕ್ಷಣಾ ತರಬೇತಿಗೆ ಸದ್ಯಕ್ಕೆ ಮಾಡಲಾರೆ. ವಾರ್ಷಿಕ ತಪಾಸಣೆಯ ಒಪ್ಪಂದವನ್ನು ಅವರ ಜೊತೆಗೇ ನವೀಕರಿಸಿದ್ದೇವೆ. ಈ ಸಲ ಅದರಲ್ಲಿ ಮೂರು ಮಾತು ಸೇರಿಸಿದ್ದೇನೆ: ತಪಾಸಣೆ ಏಪ್ರಿಲ್ ಒಳಗೆ ಮುಗಿಯಬೇಕು, ಪ್ರತಿ ಕಂಬದ ಬುಡಕ್ಕೂ ನೀರು ಹೊಯ್ದು ತೋರಿಸಬೇಕು, ಮರಳಿನ ಚೀಲವನ್ನು ಇಳಿಸುವ ಅಭ್ಯಾಸ ಅವರ ಎದುರಿನಲ್ಲೇ ನಡೆಯಬೇಕು.