ಮಾಳಿಗಿ ಮ್ಯಾಲೆ 3 ಕಿಲೋವ್ಯಾಟ್ ಸೋಲಾರ್: ಬಿಲ್ ಇಳೀತು, ಹೊಗಿ?

ವಿಜಯಪುರದಾಗ ಬಿಸಲಿಗೇನ್ ಬರ ಇಲ್ಲ, ಅದಕ್ಕ ಪಿಎಂ ಸೂರ್ಯಘರ್ ಸ್ಕೀಮ್‌ನಾಗ 3 ಕಿಲೋವ್ಯಾಟ್ ಸೋಲಾರ್ ಹಾಕ್ಸೀವ್ರಿ. ಸಬ್ಸಿಡಿ 78,000 ರೂಪಾಯಿ ಸೀದಾ ಖಾತೆಗೆ ಬಂತು. ಛಲೋ ಬಿಸಲಿದ್ದ ದಿನ 12 ಯೂನಿಟ್ ಆರಾಮ ಬರ್ತಾವ, ಪ್ಯಾನಲ್ ಬಗ್ಗೆ ತಕರಾರಿಲ್ಲ. ತಕರಾರು ಇರೋದು ಹಾಕಿಕೊಟ್ಟೋರ ಸರ್ವಿಸ್ ಬಗ್ಗೆ (ಹೆಸರು ಬ್ಯಾಡ ಬಿಡ್ರಿ), ರೊಕ್ಕ ಕೊಡೋತನಕ ದಿನಾ ಫೋನು, ಕೊಟ್ಟ ಮ್ಯಾಲೆ ನೆಟ್ ಮೀಟರ್ (ನಾವು ಹೊರಗ ಕೊಟ್ಟ, ಒಳಗ ತಗೊಂಡ ಕರೆಂಟ್ ಎರಡೂ ಎಣಿಸೋ ಮೀಟರ್) ಯಾವಾಗ್ರಿ ಅಂದ್ರ 'ಫೈಲ್ ಹೋಗೇತಿ ಸರ್' ಅಂತ ಒಂದ ರಾಗ.

ಇನ್ವರ್ಟರ್ ಆ್ಯಪ್‌ನಾಗ 'ಇಷ್ಟು ಕಾರ್ಬನ್ ಉಳಿಸೀರಿ, ಇಷ್ಟು ಗಿಡ ಹಚ್ಚಿದಂಗ' ಅಂತ ಹಸರು ಗಿಡದ ಚಿತ್ರ ಬರ್ತೈತಿ, ನಮ್ಮ ಮಗಳು ದಿನಾ ಸಂಜಿಕೆ ತಗದು ಎಣಿಸ್ತಾಳ. ಸುಳ್ಳೇನಲ್ಲ, ನಮ್ಮ ದೇಶದ ಗ್ರಿಡ್ ಕರೆಂಟ್ ಯೂನಿಟ್‌ಗೆ ಸುಮಾರು 700 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬಿಡ್ತೈತಿ, ಅಂದ್ರ ದಿನಕ್ಕ 8 ಕೆಜಿ ಉಳೀತು. ಆದ್ರ ಬಿಲ್ ಇಳೀತಂತ ನಾವು ಎಸಿ ತಗೊಂಡ್ವಿ ನೋಡ್ರಿ, ಅದರ ಲೆಕ್ಕ ಆ್ಯಪ್‌ನಾಗ ಇಲ್ಲ. ಎಸಿ ನಡ್ಯೋದು ರಾತ್ರಿ, ಆವಾಗ ಪ್ಯಾನಲ್ ಮಲಗಿರ್ತಾವ, ಗ್ರಿಡ್‌ನಿಂದನ ಕರೆಂಟ್ ಎಳೀಬೇಕು, ಆ ಗ್ರಿಡ್‌ಗೆ ಕಲ್ಲಿದ್ದಲು ಸುಟ್ಟು ಕರೆಂಟ್ ಕೊಡೋ ಕೂಡಗಿಯ 2400 ಮೆಗಾವ್ಯಾಟ್ ಪ್ಲಾಂಟ್ ನಮ್ಮ ಜಿಲ್ಲಾದಾಗನ ಐತಿ.

ದೇಶದ್ದೂ ಇದ ಹಣೇಬರ. 2005ರಿಂದ 2020ರೊಳಗ ಜಿಡಿಪಿ ಲೆಕ್ಕದಾಗ, ಅಂದ್ರ ಒಂದು ರೂಪಾಯಿ ದುಡಿಮಿಗೆ ಬರೋ ಹೊಗಿ 36% ಇಳದೈತಿ ಅಂತ ಸರ್ಕಾರದ ವರದಿ, ಖರೇನೂ ಐತಿ, ಆದ್ರ ದುಡಿಮಿ ಅದಕ್ಕಿಂತ ಜೋರ್ ಬೆಳದೈತಿ, ಅದಕ್ಕ ಒಟ್ಟು ಹೊಗಿ ಏರಕೋಂತನ ಹೊಂಟೈತಿ. ಹಂಗಂತ ನಮಗ ಎಸಿ ಬ್ಯಾಡ ಅನ್ನಾಕ ಯಾರಿಗೆ ಹಕ್ಕೈತ್ರಿ? ನಮ್ಮ ದೇಶದಾಗ ತಲಿಗೆ ವರ್ಷಕ್ಕ ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್, ಅಮೆರಿಕಾದಾಗ 14ರ ಆಸುಪಾಸು. ಮೇ ತಿಂಗಳದಾಗ ನಮ್ಮ ಆರ್‌ಸಿಸಿ ಮನ್ಯಾಗ ಒಂದ್ ರಾತ್ರಿ ಮಲ್ಕೊಂಡು ಆಮ್ಯಾಲೆ ಮಾತಾಡ್ಲಿ.

ಇನ್ನ ತಗೋಬೇಕಾ ಬ್ಯಾಡಾ ಅಂದ್ರ, ಗೃಹಜ್ಯೋತಿಯ ಪುಕ್ಕಟೆ 200 ಯೂನಿಟ್‌ನಾಗ ಸುಧಾರಿಸೋರಿಗೆ ರೊಕ್ಕದ ಲೆಕ್ಕದಾಗ ಲಾಭ ಕಾಣಂಗಿಲ್ಲ, ದಾಟೋರು ಹಾಕ್ಸ್ರಿ. ಕಡೀ ಕಂತು ನೆಟ್ ಮೀಟರ್ ಕುಂತ ಮ್ಯಾಲೆನ ಕೊಡ್ರಿ. ಧೂಳ ಭಾಳ, ಮುಂಜಾನೆ ಬಿಸಲೇರೋದ್ರಾಗ ಒರಸ್ರಿ, ಬೋರಿನ ಗಡಸ ನೀರ ಬ್ಯಾಡ, ಬೆಳ್ಳನ ಕಲಿ ಕೂಡ್ತಾವ. ಪ್ಯಾನಲ್‌ಗೆ ಐದು ಸ್ಟಾರ್, ಸರ್ವಿಸ್‌ಗೆ ಎರಡು, ಅದೂ ವೈರಿಂಗ್ ಮಾಡಿದ ಹುಡುಗ ಛಲೋ ಇದ್ದಂತ.