ಪುದೀನ ಕುಂಡಕ್ಕೆ ಆರ್‌ಒ ವೇಸ್ಟ್ ನೀರು ಹಾಕುತ್ತಿದ್ದೀರಾ? ಇವತ್ತೇ ನಿಲ್ಲಿಸಿ

ಆರ್‌ಒ ಫಿಲ್ಟರ್ ಪೈಪಿನಿಂದ ಬರುವ ವೇಸ್ಟ್ ನೀರನ್ನು ಬಕೆಟ್‌ನಲ್ಲಿ ಹಿಡಿದು ಗಿಡಕ್ಕೆ ಹಾಕುವ ಅಭ್ಯಾಸ ನಿಮಗೂ ಇದ್ದರೆ ಇದನ್ನು ಪೂರ್ತಿ ಓದಿ. ನನ್ನ ಆರು ಕುಂಡ ಪುದೀನದಲ್ಲಿ ನಾಲ್ಕು ಸತ್ತುಹೋದವು. ನೀರಿಲ್ಲದೆ ಅಲ್ಲ, ದಿನಾ ನೀರು ಹಾಕಿಯೇ.

ನಮ್ಮದು ಬೆಂಗಳೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಪುದೀನ ಬೆಳೆಸೋದು ಅಂಥ ದೊಡ್ಡ ವಿದ್ಯೆಯೇನಲ್ಲ. ಮಾರ್ಕೆಟ್‌ನಿಂದ ತಂದ ಕಟ್ಟಿನಲ್ಲಿ ಬಲಿತ ಕಡ್ಡಿ ನಾಲ್ಕು ಆರಿಸಿ, ಕೆಳಗಿನ ಎಲೆ ಕಿತ್ತು, ಗೆಣ್ಣು ಮುಳುಗುವಂತೆ ಲೋಟದ ನೀರಿನಲ್ಲಿಟ್ಟರೆ ವಾರ, ಹತ್ತು ದಿನಕ್ಕೆ ಬೇರು ಬಿಡುತ್ತದೆ. ಅಗಲವಾದ ಕುಂಡಕ್ಕೆ ನೆಟ್ಟರೆ ಆಮೇಲೆ ಅದೇ ಹಬ್ಬಿಕೊಳ್ಳುತ್ತದೆ. ನನ್ನದೂ ಹಬ್ಬಿತ್ತು. ವಾರಕ್ಕೆರಡು ಸಲ ಚಟ್ನಿ, ಒಂದು ಸಲ ಪಲಾವ್ ಆಗುವಷ್ಟು.

2024ರ ಮಾರ್ಚ್ ನೆನಪಿದೆಯಲ್ವಾ? ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗೆ ಕಾಯುತ್ತಿದ್ದ ದಿನಗಳು. ಕುಡಿಯುವ ನೀರನ್ನು ಗಾಡಿ ತೊಳೆಯೋಕೆ, ಕೈತೋಟಕ್ಕೆ ಬಳಸಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಆಗಲೇ ನನಗೆ ಈ ಐಡಿಯಾ ಬಂದಿದ್ದು. ಫಿಲ್ಟರ್‌ನಿಂದ ಸುಮ್ನೆ ಮೋರಿಗೆ ಹೋಗುವ ನೀರು ಇದೆಯಲ್ಲ! ಬಕೆಟ್ ಇಟ್ಟೆ. ಒಂದೊಂದು ಕುಂಡಕ್ಕೆ ದಿನಕ್ಕೆ ಅರ್ಧ ಲೀಟರ್. ಬಹಳ ಜಾಣತನ ಮಾಡಿದೆ ಅಂತ ಬೀಗಿದ್ದೂ ಉಂಟು.

ಏಪ್ರಿಲ್‌ನಲ್ಲಿ ಎಲೆಗಳ ಅಂಚು ಕಂದು ಬಣ್ಣಕ್ಕೆ ತಿರುಗಿತು. ಬಿಸಿಲಿಗೆ ಹೀಗಾಗಿದೆ ಅಂದುಕೊಂಡು ಅದೇ ನೀರನ್ನು ಇನ್ನೂ ಸ್ವಲ್ಪ ಜಾಸ್ತಿ ಹಾಕಿದೆ. ಎಲೆ ಉದುರತೊಡಗಿತು. ನರ್ಸರಿಯವರನ್ನು ಕೇಳಿದೆ. "ಗಿಡಕ್ಕೆ ಶಕ್ತಿ ಸಾಲ್ತಿಲ್ಲ ಮೇಡಂ" ಅಂತ 19:19:19 ಅನ್ನುವ ರಾಸಾಯನಿಕ ಗೊಬ್ಬರದ ಪೊಟ್ಟಣ ಕೊಟ್ಟರು. ಏನು ನೀರು ಹಾಕ್ತೀರಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಗೊಬ್ಬರ ಬಿದ್ದ ವಾರದಲ್ಲೇ ಎರಡು ಕುಂಡ ಪೂರ್ತಿ ಒಣಗಿದವು. ಬಕೆಟ್ ನೀರಿನಲ್ಲಿದ್ದದ್ದೂ ಉಪ್ಪು, ಆ ಗೊಬ್ಬರವೂ ಒಂಥರಾ ಉಪ್ಪೇ ಅನ್ನೋದು ನನಗೆ ಆಮೇಲೆ ತಿಳಿಯಿತು.

ಮೇ ತಿಂಗಳಲ್ಲಿ ಮಾವ ಸಿಂಧನೂರಿನಿಂದ ಬಂದರು. ಬಾಲ್ಕನಿಗೆ ಹೋಗಿ ಕುಂಡದ ಮಣ್ಣಿನ ಮೇಲೆ ಕಟ್ಟಿದ್ದ ಬಿಳಿ ಪುಡಿಯನ್ನು ಉಗುರಿನಿಂದ ಕೆರೆದು ನೋಡಿದರು.

"ಏನವಾ, ಕುಂಡದಾಗೂ ಸವಳು ಹಿಡಿಸಿಬಿಟ್ಟಿಯಲ್ಲ!"

ಸವಳು ಅಂದರೆ ಉಪ್ಪು ಹಿಡಿದು ಕೆಟ್ಟ ಮಣ್ಣು. ತುಂಗಭದ್ರಾ ಕಾಲುವೆ ನೀರು ಬಂದಮೇಲೆ ಅವರ ಕಡೆ ಎಷ್ಟೋ ಗದ್ದೆಗಳು ಸವಳಾಗಿವೆ. ನೀರು ಜಾಸ್ತಿ ನಿಂತು, ಬಸಿದುಹೋಗಲು ದಾರಿಯಿಲ್ಲದೆ, ಉಪ್ಪು ಮೇಲಕ್ಕೆ ಬರುತ್ತದೆ. ಕುಂಡದ ಕೆಳಗಿನ ತಟ್ಟೆಯನ್ನು ಎತ್ತಿ ತೋರಿಸಿ, "ಉಪ್ಪು ನೀರು ಹಾಕಿದಿ, ಹೋಗಾಕ ದಾರಿ ಮುಚ್ಚಿದಿ. ಇನ್ನ ಬೆಳಿ ಎಲ್ಲಿ ಬರತೈತಿ?" ಅಂದರು. ತಟ್ಟೆ ಇಟ್ಟಿದ್ದು ಕೆಳಗಿನ ಮನೆಯ ಓನರ್ ಆಂಟಿ ಬಟ್ಟೆ ಮೇಲೆ ನೀರು ಬೀಳುತ್ತೆ ಅಂತ ಬೈತಾರೆ ಅನ್ನೋ ಭಯಕ್ಕೆ. ಅದರಲ್ಲಿ ನಿಂತ ನೀರನ್ನು ಮಣ್ಣು ಮತ್ತೆ ಮೇಲಕ್ಕೆ ಹೀರುತ್ತಿತ್ತು.

ಪಕ್ಕದ ಮನೆಯವರ ಟಿಡಿಎಸ್ ಮೀಟರ್ ತಂದು ನೋಡಿದೆ. ನೀರಿನಲ್ಲಿ ಕರಗಿರುವ ಉಪ್ಪು, ಖನಿಜ ಎಷ್ಟಿದೆ ಅಂತ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ತೋರಿಸುವ ಪೆನ್ನಿನಂಥ ಸಾಧನ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಮ್ಮ ಬೋರ್ ನೀರು 900. ಫಿಲ್ಟರ್ ನೀರು 60. ಬಕೆಟ್ ನೀರು 1300! ಸರಿಯೇ ಅಲ್ವಾ, ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಆ ಬಕೆಟ್‌ಗೇ ಹೋಗಬೇಕು. ಅಂದರೆ ಲೀಟರಿಗೆ ಸುಮಾರು 1.3 ಗ್ರಾಂ. ದಿನಕ್ಕೆ ಅರ್ಧ ಲೀಟರ್‌ನಂತೆ ಒಂದೂವರೆ ತಿಂಗಳಿಗೆ ಹತ್ತಿರ ಹತ್ತಿರ 30 ಗ್ರಾಂ. ಎಲ್ಲಾ ಅಡುಗೆ ಉಪ್ಪೇ ಅಂತಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಎಲ್ಲಾ ಸೇರಿ. ನೀರು ಆರಿಹೋಗುತ್ತದೆ, ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಪುದೀನದ ಬೇರು ಮೇಲ್ಮೇಲೆಯೇ ಇರುತ್ತದೆ, ಆ ಉಪ್ಪು ಕಟ್ಟುವುದೂ ಅಲ್ಲೇ. ಮಣ್ಣು ಒದ್ದೆಯಿದ್ದರೂ ಬೇರಿಗೆ ನೀರು ಎಳೆದುಕೊಳ್ಳಲು ಆಗುವುದಿಲ್ಲ. ಅದಕ್ಕೇ ನೋಡುವವರಿಗೆ ಬಾಯಾರಿದ ಗಿಡದಂತೆ ಕಾಣುತ್ತದೆ. ನಾನು ಮೋಸ ಹೋಗಿದ್ದು ಇಲ್ಲೇ.

ನಿಮ್ಮ ಮನೆಗೆ ಬರೀ ಕಾವೇರಿ ನೀರು ಬರುತ್ತಿದ್ದರೆ ಲೆಕ್ಕ ಬೇರೆ ಇರಬಹುದು. ಮೀಟರ್ ಅದ್ದಿ ನೋಡಿ. ಅಪಾರ್ಟ್‌ಮೆಂಟ್‌ನವರು ಇನ್ನೊಂದು ವಿಷಯ ಗಮನಿಸಿ: ಸಾಫ್ಟ್‌ನರ್ (ಗಡಸು ನೀರನ್ನು ಮೆದು ಮಾಡುವ ಯಂತ್ರ) ಹಾಕಿದ ನೀರಿನಲ್ಲಿ ಸೋಡಿಯಂ ಸೇರಿರುತ್ತದೆ. ಕೈಗೆ ಸೋಪು ಚೆನ್ನಾಗಿ ನೊರೆ ಬರುತ್ತದೆ, ಗಿಡಕ್ಕೆ ಒಳ್ಳೆಯದಲ್ಲ.

ನಾನು ಮೊದಲು ಮಾಡಿದ್ದು ಬದುಕಿದ್ದ ಎರಡು ಕುಂಡಗಳಿಂದ ಹಸಿರು ಕುಡಿಗಳನ್ನು ಕತ್ತರಿಸಿ ಫಿಲ್ಟರ್ ನೀರಿನಲ್ಲಿ ಇಟ್ಟಿದ್ದು. ಗಿಡ ಉಳಿಯದಿದ್ದರೂ ತಳಿ ಉಳಿಯಲಿ ಅಂತ. ಮೇಲಿನ ಎರಡು ಇಂಚು ಮಣ್ಣು ತೆಗೆದು ಹೊಸ ಮಣ್ಣು, ಎರೆಗೊಬ್ಬರ ಹಾಕಿದೆ. ತಟ್ಟೆ ತೆಗೆದು ಕುಂಡಗಳನ್ನು ಟೆರೇಸ್‌ಗೆ ಒಯ್ದೆ. ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿ.ಮೀ. ಮಳೆ ಸುರಿಯಿತಲ್ಲ, ಊರೆಲ್ಲ ಬೈಯುತ್ತಿದ್ದಾಗ ನಾನು ಕುಂಡದ ತೂತಿನಿಂದ ನೀರು ಧಾರಾಳವಾಗಿ ಇಳಿಯುವುದನ್ನು ನೋಡುತ್ತಾ ನಿಂತಿದ್ದೆ. ಎರಡು ವಾರಕ್ಕೆ ಬುಡದಿಂದ ಹೊಸ ಚಿಗುರು ಬಂತು. ಮಳೆಗೆ ಕಾಯಲು ಆಗದವರು ಒಳ್ಳೆಯ ನೀರನ್ನೇ ಎರಡು ಮೂರು ಸಲ, ಕೆಳಗಿನಿಂದ ಚೆನ್ನಾಗಿ ಹರಿದುಹೋಗುವಷ್ಟು ಸುರಿಯಬೇಕು.

ಈಗ ಆ ಬಕೆಟ್ ನೀರು ನೆಲ ಒರೆಸೋಕೆ, ಟಾಯ್ಲೆಟ್‌ಗೆ. ಪುದೀನಕ್ಕೆ ಅಕ್ಕಿ, ಬೇಳೆ ತೊಳೆದ ನೀರು, ಮಳೆಗಾಲದಲ್ಲಿ ಹಿಡಿದಿಟ್ಟ ನೀರು. ನೀರು ಹಾಕುವಾಗ ಕುಂಡಗಳನ್ನು ಬಚ್ಚಲಿಗೆ ಎತ್ತಿಕೊಂಡು ಹೋಗಿ, ಪೂರ್ತಿ ಬಸಿದ ಮೇಲೆ ಬಾಲ್ಕನಿಗೆ ತರುತ್ತೇನೆ. ಸೊಂಟಕ್ಕೆ ಸ್ವಲ್ಪ ಕಷ್ಟ. ಓನರ್ ಆಂಟಿಗೆ ಮಾತ್ರ ಬಹಳ ಖುಷಿ.