ಆರು ಘಟಕ, ಒಂದೇ ಖತಾವಣಿ: ವಿಶ್ವವಿದ್ಯಾಲಯವೊಂದರಲ್ಲಿ ಇಆರ್‌ಪಿನೆಕ್ಸ್ಟ್ ಬಳಸಿದ ಮೂರು ಹಣಕಾಸು ವರ್ಷ

ರಾಜ್ಯದ ವಿಶ್ವವಿದ್ಯಾಲಯವೊಂದರ ಹಣಕಾಸು ವಿಭಾಗದಲ್ಲಿ ನಾನು ಅಧೀಕ್ಷಕನಾಗಿದ್ದೇನೆ. ಮುಖ್ಯ ಕ್ಯಾಂಪಸ್, ಎರಡು ಸ್ನಾತಕೋತ್ತರ ಕೇಂದ್ರ, ಎರಡು ಘಟಕ ಕಾಲೇಜು ಮತ್ತು ತನ್ನದೇ ಬ್ಯಾಂಕ್ ಖಾತೆಗಳಿರುವ ಪರೀಕ್ಷಾ ವಿಭಾಗ, ಹೀಗೆ ಆರು ಕಡೆ ಬೇರೆ ಬೇರೆಯಾಗಿ ಬರೆಯುತ್ತಿದ್ದ ಲೆಕ್ಕವನ್ನು 2022ರ ಏಪ್ರಿಲ್ 1ರಿಂದ ಇಆರ್‌ಪಿನೆಕ್ಸ್ಟ್ ಎಂಬ ಒಂದೇ ತಂತ್ರಾಂಶಕ್ಕೆ ತಂದೆವು. ಮೂರು ವಾರ್ಷಿಕ ಲೆಕ್ಕಗಳನ್ನು ಅದರಲ್ಲಿಯೇ ಮುಗಿಸಿ ಲೆಕ್ಕಪರಿಶೋಧನೆಗೆ ಒಪ್ಪಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೇಂದ್ರ ಕಚೇರಿಗೆ ಎಲ್ಲ ಘಟಕಗಳ ಲೆಕ್ಕ ಕಾಣುವಂತಾದದ್ದು ಈ ಬದಲಾವಣೆಯ ಸಣ್ಣ ಲಾಭ. ನೂರಾರು ಕಿಲೋಮೀಟರ್ ದೂರದ ಕೇಂದ್ರವೊಂದರ ಗುಮಾಸ್ತರಿಗೆ ತಮ್ಮ ಕೇಂದ್ರದ ಹಣ ಈ ಹೊತ್ತು ಎಷ್ಟಿದೆ ಎಂಬುದು ನಮಗೆ ಕಾಣುವಷ್ಟೇ ಸ್ಪಷ್ಟವಾಗಿ ಕಾಣುವಂತಾದದ್ದು ದೊಡ್ಡ ಲಾಭ, ಮತ್ತು ಅದನ್ನು ಗಮನದಲ್ಲಿಟ್ಟು ಮಾಡಿದ ನಿರ್ಧಾರಗಳೆಲ್ಲ ನಮ್ಮಲ್ಲಿ ಕೈಹಿಡಿದವು, ಮರೆತು ಮಾಡಿದವು ಕೈಕೊಟ್ಟವು.

ತಂತ್ರಾಂಶದ ಬಗ್ಗೆ ನಾಲ್ಕು ಮಾತು. ಇಆರ್‌ಪಿನೆಕ್ಸ್ಟ್ ಮುಂಬೈನ ಫ್ರಾಪೆ ಸಂಸ್ಥೆ ಕಟ್ಟಿ ಬೆಳೆಸುತ್ತಿರುವ ಮುಕ್ತ ತಂತ್ರಾಂಶ. ಜಿಪಿಎಲ್ ಪರವಾನಗಿಯ ಮೂರನೇ ಆವೃತ್ತಿಯಡಿ ಅದರ ಮೂಲ ಸಂಕೇತ ಯಾರಿಗೆ ಬೇಕಾದರೂ ಸಿಗುತ್ತದೆ. ಬಳಸುವವರು ಎಷ್ಟು ಮಂದಿಯಾದರೂ ತಲೆಗಿಷ್ಟು ಎಂದು ಶುಲ್ಕ ಕಟ್ಟಬೇಕಾಗಿಲ್ಲ. ಹಣ ಹೋಗುವುದು ಸರ್ವರ್‌ಗೆ, ಅಳವಡಿಸಿಕೊಡುವ ಏಜೆನ್ಸಿಗೆ ಮತ್ತು ತರಬೇತಿಗೆ. ಆರು ಘಟಕಗಳ ಗುಮಾಸ್ತರಿಂದ ವಿಭಾಗದ ಮುಖ್ಯಸ್ಥರವರೆಗೆ ಎಲ್ಲರಿಗೂ ಲಾಗಿನ್ ಕೊಡಲು ನಮಗೆ ಸಾಧ್ಯವಾದದ್ದು ಇದರಿಂದಲೇ. ವಿಶ್ವವಿದ್ಯಾಲಯಗಳಿಗೆಂದೇ ಹುಟ್ಟಿದ ಮುಕ್ತ ಹಣಕಾಸು ತಂತ್ರಾಂಶವೂ ಜಗತ್ತಿನಲ್ಲಿ ಇಲ್ಲದಿಲ್ಲ. ಅಮೆರಿಕದ ಇಂಡಿಯಾನಾ ಮತ್ತು ಹವಾಯಿ ವಿಶ್ವವಿದ್ಯಾಲಯಗಳು ಇತರ ಪಾಲುದಾರರೊಡನೆ 2004ರಲ್ಲಿ ಕೈಗೆತ್ತಿಕೊಂಡ ಕುವಾಲಿ ಅಂಥದ್ದು. ಎರಡೂ ಹಲವು ಕ್ಯಾಂಪಸ್‌ಗಳ ವಿಶ್ವವಿದ್ಯಾಲಯಗಳು, ಮತ್ತು ಇಂಡಿಯಾನಾ ತನಗಾಗಿ ಮೊದಲೇ ಕಟ್ಟಿಕೊಂಡಿದ್ದ ವ್ಯವಸ್ಥೆಯೇ ಅದಕ್ಕೆ ತಳಹದಿಯಾಯಿತು. ನಮಗೆ ಬೇಕಿದ್ದುದು ಇಲ್ಲಿನ ಜಿಎಸ್‌ಟಿ ಮತ್ತು ಟಿಡಿಎಸ್ ನಿಯಮಗಳನ್ನು ಬಲ್ಲ, ಕರೆದರೆ ಬರುವ ತಂತ್ರಜ್ಞರು ಇಲ್ಲಿಯೇ ಸಿಗುವ ತಂತ್ರಾಂಶವಾದುದರಿಂದ ಇಆರ್‌ಪಿನೆಕ್ಸ್ಟ್ ಆಯ್ಕೆಯಾಯಿತು.

ಅದಕ್ಕೆ ಮೊದಲು ನಮ್ಮ ನಾಲ್ಕು ಘಟಕಗಳಲ್ಲಿ ಟ್ಯಾಲಿ ಇತ್ತು, ಒಂದರಲ್ಲಿ ಎಕ್ಸೆಲ್ ಹಾಳೆ, ಇನ್ನೊಂದರಲ್ಲಿ ಕೈಬರಹದ ನಗದು ಪುಸ್ತಕ. ಟ್ಯಾಲಿಯಲ್ಲಿ ಏನೂ ಕೊರತೆಯಿರಲಿಲ್ಲ. ನಾವು ಅದನ್ನು ನಾಲ್ಕು ಕಡೆ ನಾಲ್ಕು ದ್ವೀಪಗಳಂತೆ ಇಟ್ಟುಕೊಂಡಿದ್ದೆವು. ಏಪ್ರಿಲ್ ಬಂದರೆ ಪ್ರತಿ ಘಟಕದಿಂದ ಒಬ್ಬರು ಪೆನ್‌ಡ್ರೈವ್ ಹಿಡಿದು ಬರುತ್ತಿದ್ದರು, ನಾವು ಆರೂ ತೇರೀಜುಗಳನ್ನು (ಎಲ್ಲ ಶೀರ್ಷಿಕೆಗಳ ಬಾಕಿಗಳ ಪಟ್ಟಿಗಳನ್ನು) ಒಂದು ಹಾಳೆಯಲ್ಲಿ ಜೋಡಿಸುತ್ತಿದ್ದೆವು. ಮಾರ್ಚ್ ಕೊನೆಯ ವಾರ ಮುಖ್ಯ ಕಚೇರಿ ಬಿಡುಗಡೆ ಮಾಡಿದ ಹಣ ಕೇಂದ್ರದ ಪುಸ್ತಕದಲ್ಲಿ ಏಪ್ರಿಲ್‌ನಲ್ಲಿ ಜಮೆಯಾಗಿರುತ್ತಿತ್ತು. ಆ ವ್ಯತ್ಯಾಸವನ್ನು ಅಮಾನತು ಲೆಕ್ಕಕ್ಕೆ, ಅಂದರೆ ಬಗೆಹರಿಯದ ಮೊತ್ತಗಳನ್ನು ಇಡುವ ತಾತ್ಕಾಲಿಕ ಲೆಕ್ಕಕ್ಕೆ, ಹಾಕಿ ಮುಂದೆ ಹೋಗುವುದು ರೂಢಿಯಾಗಿತ್ತು, ಮತ್ತು ಆ ಅಮಾನತು ಲೆಕ್ಕದ ಬಗ್ಗೆ ವರ್ಷ ವರ್ಷವೂ ಅದೇ ಆಕ್ಷೇಪಣೆಯ ಕಂಡಿಕೆ ಬರುತ್ತಿತ್ತು.

ತಂತ್ರಾಂಶವನ್ನು ಅಳವಡಿಸಲು ಹಿಡಿದ ಕಾಲಕ್ಕಿಂತ ಲೆಕ್ಕ ಶೀರ್ಷಿಕೆಗಳನ್ನು ಒಂದು ಮಾಡಲು ಹಿಡಿದ ಕಾಲ ಹೆಚ್ಚು. ಇದನ್ನು ಮೊದಲೇ ತಿಳಿದಿದ್ದರೆ ನಾವು ಕೆಲಸವನ್ನು ಒಂದು ವರ್ಷ ಮುಂಚೆ ಆರಂಭಿಸುತ್ತಿದ್ದೆವು. "ಇತರೆ ವೆಚ್ಚ" ಎಂಬ ಒಂದೇ ಶೀರ್ಷಿಕೆಯನ್ನು ತೆಗೆದುಕೊಳ್ಳಿ. ಮುಖ್ಯ ಕ್ಯಾಂಪಸ್‌ನಲ್ಲಿ ಅದರಡಿ ಸಣ್ಣಪುಟ್ಟ ಸಾದಿಲ್ವಾರು ಬಿಲ್ಲುಗಳಿದ್ದವು. ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ಅತಿಥಿ ಉಪನ್ಯಾಸಕರ ಸಂಭಾವನೆ ಅದರಲ್ಲಿತ್ತು, ಏಕೆಂದರೆ ಕೇಂದ್ರ ಆರಂಭವಾದ ವರ್ಷ ಆ ಸಂಭಾವನೆಗೆ ಬೇರೆ ಶೀರ್ಷಿಕೆಯನ್ನು ಯಾರೂ ಕೊಟ್ಟಿರಲಿಲ್ಲ. ಘಟಕ ಕಾಲೇಜೊಂದರಲ್ಲಿ ಪ್ರಯೋಗಾಲಯದ ಗಾಜಿನ ಸಾಮಾನುಗಳೂ ಅಲ್ಲಿದ್ದವು. ಹೆಸರು ಒಂದೇ ಆದ ಮಾತ್ರಕ್ಕೆ ಒಟ್ಟುಗೂಡಿಸಿದ್ದರೆ ಮೂರು ಬಗೆಯ ಖರ್ಚು ಒಂದೇ ಮೊತ್ತದೊಳಗೆ ಮುಚ್ಚಿಹೋಗುತ್ತಿತ್ತು. ಹಾಗಾಗಿ ಪ್ರತಿ ಘಟಕದ ಲೆಕ್ಕದವರನ್ನು ಕೂರಿಸಿಕೊಂಡು, ಹಿಂದಿನ ವರ್ಷದ ಓಚರ್‌ಗಳ ಕಟ್ಟುಗಳನ್ನು ಬಿಚ್ಚಿ, ಶೀರ್ಷಿಕೆಯ ಹೆಸರು ನೋಡದೆ ಬಿಲ್ಲು ನೋಡಿ ವಿಂಗಡಿಸಿದೆವು. ಆ ಕೆಲಸದಲ್ಲಿ ನಮಗೆ ದಾರಿ ತೋರಿಸಿದವರು ಕೇಂದ್ರವೊಂದರ ಪ್ರಥಮ ದರ್ಜೆ ಸಹಾಯಕಿ. ಪ್ರತಿ ಬಿಲ್ಲನ್ನು ಯಾವ ಶೀರ್ಷಿಕೆಗೆ, ಯಾರ ಸೂಚನೆಯ ಮೇಲೆ ಹಾಕಿದೆ ಎಂದು ನೀಲಿ ರಟ್ಟಿನ ಪುಸ್ತಕವೊಂದರಲ್ಲಿ ಅವರು ವರ್ಷಗಟ್ಟಲೆ ಬರೆದಿಟ್ಟಿದ್ದರು. ನಮ್ಮ ಹೊಸ ಶೀರ್ಷಿಕೆ ಪಟ್ಟಿಯ ಅರ್ಧ ಭಾಗ ಆ ಪುಸ್ತಕದಿಂದ ಬಂದದ್ದು ಎಂದರೆ ಹೆಚ್ಚಲ್ಲ.

ಎರಡನೆಯ ದೊಡ್ಡ ಪ್ರಶ್ನೆ ರಚನೆಯದು. ಇಆರ್‌ಪಿನೆಕ್ಸ್ಟ್‌ನಲ್ಲಿ ಪ್ರತಿ ಘಟಕವನ್ನು ತನ್ನದೇ ಪುಸ್ತಕಗಳಿರುವ ಪ್ರತ್ಯೇಕ "ಕಂಪನಿ"ಯಾಗಿ ಮಾಡಬಹುದು, ಅಥವಾ ಇಡೀ ವಿಶ್ವವಿದ್ಯಾಲಯವನ್ನು ಒಂದೇ ಕಂಪನಿ ಮಾಡಿ ಘಟಕಗಳನ್ನು ವೆಚ್ಚ ಕೇಂದ್ರಗಳಾಗಿ, ಅಂದರೆ ಅದೇ ಪುಸ್ತಕದೊಳಗೆ ಲೆಕ್ಕವನ್ನು ಬೇರೆಯಾಗಿ ತೋರಿಸುವ ವಿಭಾಗಗಳಾಗಿ, ಇಡಬಹುದು. ಪರೀಕ್ಷಾರ್ಥವಾಗಿ ನಾವು ಮೊದಲು ಆರು ಕಂಪನಿ ಮಾಡಿ ನೋಡಿದೆವು. ಮುಖ್ಯ ಕಚೇರಿಯಿಂದ ಕೇಂದ್ರಕ್ಕೆ ಹಣ ಹೋದರೆ ಎರಡೂ ಕಡೆ ಒಂದೊಂದು ಜರ್ನಲ್ ಬರೆಯಬೇಕಾಯಿತು, ಮತ್ತು ಒಂದು ಕಡೆ ಬರೆದು ಇನ್ನೊಂದು ಕಡೆ ಬಾಕಿಯುಳಿದರೆ ಹಳೆಯ ಅಮಾನತು ಲೆಕ್ಕದ ಕಥೆಯೇ ಹೊಸ ವೇಷದಲ್ಲಿ ಮರಳುತ್ತಿತ್ತು. ಕಾನೂನಿನ ದೃಷ್ಟಿಯಲ್ಲಿ ವಿಶ್ವವಿದ್ಯಾಲಯ ಒಂದೇ. ಅದಕ್ಕಿರುವುದು ಒಂದೇ ಪ್ಯಾನ್ ಸಂಖ್ಯೆ. ಆದ್ದರಿಂದ ಒಂದೇ ಕಂಪನಿ, ಆರು ವೆಚ್ಚ ಕೇಂದ್ರಗಳು ಎಂದು ತೀರ್ಮಾನಿಸಿದೆವು. ಬಳಕೆದಾರರ ಅನುಮತಿಯನ್ನು ವೆಚ್ಚ ಕೇಂದ್ರಕ್ಕೆ ಕಟ್ಟಿಹಾಕುವ ಸೌಲಭ್ಯ ತಂತ್ರಾಂಶದಲ್ಲಿದೆ. ಅದರಿಂದ ಪ್ರತಿ ಘಟಕದವರು ತಮ್ಮ ಲೆಕ್ಕವನ್ನಷ್ಟೇ ನೋಡುತ್ತಾರೆ, ಆದರೆ ಪೂರ್ತಿಯಾಗಿ ನೋಡುತ್ತಾರೆ.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ ಹೇಳಬೇಕು. ವಿಶ್ವವಿದ್ಯಾಲಯದ ಲೆಕ್ಕ ವ್ಯಾಪಾರದ ಲೆಕ್ಕದಂತಲ್ಲ. ಸಂಶೋಧನಾ ಯೋಜನೆಗೆ ಬಂದ ಅನುದಾನ, ಪಿಂಚಣಿ ನಿಧಿ, ಪರೀಕ್ಷಾ ನಿಧಿ, ದಾನಿಗಳು ಇಟ್ಟ ದತ್ತಿ ನಿಧಿ, ಇವುಗಳಲ್ಲಿ ಒಂದರ ಹಣವನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. ಇಆರ್‌ಪಿನೆಕ್ಸ್ಟ್ ಎಲ್ಲ ಬಗೆಯ ಉದ್ದಿಮೆಗಳಿಗಾಗಿ ಬೆಳೆದ ತಂತ್ರಾಂಶವಾದುದರಿಂದ ನಿಧಿ ಲೆಕ್ಕ ಅದರಲ್ಲಿ ಸಿದ್ಧವಾಗಿ ಸಿಗುವುದಿಲ್ಲ, ನಾವೇ ಕಟ್ಟಿಕೊಳ್ಳಬೇಕು. "ಲೆಕ್ಕ ಆಯಾಮ" ಎಂಬ ಸೌಲಭ್ಯದಲ್ಲಿ ನಿಧಿ ಎಂಬ ಹೊಸ ಆಯಾಮ ಸೃಷ್ಟಿಸಿ, ಆದಾಯ ವೆಚ್ಚದ ಶೀರ್ಷಿಕೆಗಳಿಗೂ ಆಸ್ತಿ ಹೊಣೆಯ ಶೀರ್ಷಿಕೆಗಳಿಗೂ ಅದನ್ನು ಕಡ್ಡಾಯ ಮಾಡಿದೆವು. ಅಷ್ಟಕ್ಕೇ ನಿಂತರೆ ಸಾಲದು. ಒಂದು ಓಚರ್‌ನ ಒಟ್ಟು ಖರ್ಚು (ಡೆಬಿಟ್) ಮತ್ತು ಒಟ್ಟು ಜಮಾ (ಕ್ರೆಡಿಟ್) ಸಮವಾದರೆ ತಂತ್ರಾಂಶ ಅದನ್ನು ಒಪ್ಪುತ್ತದೆ. ಖರ್ಚಿನ ಸಾಲಿನಲ್ಲಿ ಒಂದು ನಿಧಿ, ಜಮೆಯ ಸಾಲಿನಲ್ಲಿ ಇನ್ನೊಂದು ನಿಧಿ ಇದ್ದರೂ ತಡೆಯುವುದಿಲ್ಲ. ಪ್ರತಿ ನಿಧಿಯೊಳಗೂ ಎರಡೂ ಕಡೆ ಸಮವಾಗಿದೆಯೇ ಎಂದು ಪರೀಕ್ಷಿಸುವ ಸಣ್ಣ ಸರ್ವರ್ ಸ್ಕ್ರಿಪ್ಟ್ ಒಂದನ್ನು ನಾವು ಬರೆಸಿದ್ದು ಎರಡನೆಯ ವರ್ಷದಲ್ಲಿ. ಮೊದಲ ವರ್ಷವೇ ಬರೆಸಿದ್ದರೆ ಆ ವರ್ಷಾಂತ್ಯದಲ್ಲಿ ಮೂರು ವಾರ ತಿದ್ದುಪಡಿ ಜರ್ನಲ್‌ಗಳನ್ನು ಹಾಕುವ ಕೆಲಸ ತಪ್ಪುತ್ತಿತ್ತು. ವಿಶ್ವವಿದ್ಯಾಲಯದವರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲ ದಿನವೇ ಈ ಪರೀಕ್ಷೆಯನ್ನು ಸೇರಿಸಿಕೊಳ್ಳಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ನಿಧಿಯ ಆಯಾಮ ನಮಗೆ ಏನು ಕೊಟ್ಟಿತು ಎಂಬುದಕ್ಕೆ ಚಿನ್ನದ ಪದಕದ ದತ್ತಿಗಳೇ ಸಾಕ್ಷಿ. ತಂದೆಯ ಹೆಸರಿನಲ್ಲೋ ಗುರುಗಳ ಹೆಸರಿನಲ್ಲೋ ಜನರು ಇಟ್ಟ ಠೇವಣಿಯ ಬಡ್ಡಿಯಿಂದ ಘಟಿಕೋತ್ಸವದಲ್ಲಿ ಪದಕ ಕೊಡುತ್ತೇವೆ. ಹಿಂದೆ ಈ ಠೇವಣಿಗಳೆಲ್ಲ ಒಂದೇ ರಿಜಿಸ್ಟರಿನಲ್ಲಿದ್ದು, ಬಡ್ಡಿ ಒಟ್ಟಾಗಿ ಜಮೆಯಾಗುತ್ತಿತ್ತು. ಯಾವ ದತ್ತಿಯ ಬಡ್ಡಿ ಪದಕಕ್ಕೆ ಸಾಲುತ್ತಿದೆ, ಯಾವುದಕ್ಕೆ ಸಾಲುತ್ತಿಲ್ಲ ಎಂದು ಹೇಳಲು ವಾರ ಬೇಕಾಗುತ್ತಿತ್ತು. ಕಳೆದ ವರ್ಷ ನಿವೃತ್ತ ಶಿಕ್ಷಕಿಯೊಬ್ಬರು ಬಂದು, ತಮ್ಮ ತಂದೆಯವರ ಹೆಸರಿನ ದತ್ತಿಯಲ್ಲಿ ಈಗ ಎಷ್ಟಿದೆ ಎಂದು ಕೇಳಿದರು. ಅವರು ಕುರ್ಚಿಯಲ್ಲಿ ಕೂತಿದ್ದಂತೆಯೇ ಆ ನಿಧಿಯ ಖತಾವಣಿಯನ್ನು ತೆರೆದು, ಅಸಲು, ಬಂದ ಬಡ್ಡಿ, ಪದಕಕ್ಕೆ ಆದ ಖರ್ಚು ಮೂರನ್ನೂ ಮುದ್ರಿಸಿ ಕೈಗೆ ಕೊಟ್ಟೆ. ಚಿನ್ನದ ಬೆಲೆ ಏರಿರುವುದರಿಂದ ಬಡ್ಡಿ ಸಾಲದೆ ಬರುತ್ತಿದೆ ಎಂಬುದನ್ನು ಅವರೇ ಆ ಹಾಳೆಯಲ್ಲಿ ಓದಿಕೊಂಡರು. ಮರುತಿಂಗಳು ಅಸಲಿಗೆ ಇನ್ನಷ್ಟು ಹಣ ಸೇರಿಸಲು ಚೆಕ್ ತಂದರು. ಯಾರೂ ಅವರನ್ನು ಕೇಳಿರಲಿಲ್ಲ.

ಬಜೆಟ್ ನಿಯಂತ್ರಣದ ವಿಷಯಕ್ಕೆ ಬರುತ್ತೇನೆ. ಶೀರ್ಷಿಕೆಯ ಬಜೆಟ್ ಮೀರಿದಾಗ ತಡೆಯಬೇಕೆ, ಎಚ್ಚರಿಸಬೇಕೆ, ಸುಮ್ಮನಿರಬೇಕೆ ಎಂಬುದನ್ನು ಬೇಡಿಕೆ, ಖರೀದಿ ಆದೇಶ ಮತ್ತು ವೆಚ್ಚ ಎಂಬ ಮೂರು ಹಂತಗಳಿಗೂ ಬೇರೆ ಬೇರೆಯಾಗಿ ನಿಗದಿಪಡಿಸಬಹುದು. ಮೊದಲ ವರ್ಷ ನಾವು ಎಲ್ಲ ಹಂತದಲ್ಲೂ ತಡೆಯನ್ನೇ ಹಾಕಿದೆವು. ಅದು ನಮ್ಮ ತಪ್ಪು. ಬೇಸಿಗೆಯಲ್ಲಿ ಕೇಂದ್ರವೊಂದರ ವಿದ್ಯಾರ್ಥಿನಿಲಯದ ಬೋರ್‌ವೆಲ್ ಪಂಪ್ ಕೆಟ್ಟು, ದುರಸ್ತಿಯ ಶೀರ್ಷಿಕೆಯಲ್ಲಿ ಹಣ ಮುಗಿದಿದ್ದುದರಿಂದ ಆದೇಶ ಹೊರಡಲಿಲ್ಲ. ಬೇರೆ ಶೀರ್ಷಿಕೆಯಿಂದ ಹಣ ತರುವ ಪುನರ್ವಿನಿಯೋಗದ ಕಡತ ಮುಖ್ಯ ಕಚೇರಿಯಲ್ಲಿ ಸುತ್ತಿ ಬರುವಷ್ಟರಲ್ಲಿ ನಾಲ್ಕು ದಿನ ಕಳೆಯಿತು, ಆ ನಾಲ್ಕು ದಿನವೂ ಮಕ್ಕಳು ಟ್ಯಾಂಕರ್ ನೀರಿಗೆ ಸಾಲು ನಿಂತರು. ಈಗ ಬೇಡಿಕೆ ಮತ್ತು ಆದೇಶದ ಹಂತದಲ್ಲಿ ಎಚ್ಚರಿಕೆ ಮಾತ್ರ ಬರುತ್ತದೆ, ವೆಚ್ಚದ ಹಂತದಲ್ಲಿ ತಡೆ ಇದೆ, ಮತ್ತು ನಿಗದಿತ ಮಿತಿಯೊಳಗೆ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಣ ಬದಲಾಯಿಸುವ ಅಧಿಕಾರ ಕೇಂದ್ರದ ನಿರ್ದೇಶಕರಿಗೇ ಇದೆ.

ಹಳೆಯ ಲೆಕ್ಕದಿಂದ ಹೊಸದಕ್ಕೆ ಆರಂಭ ಶಿಲ್ಕುಗಳನ್ನು (ಹಳೆಯ ಪುಸ್ತಕದಲ್ಲಿ ಉಳಿದ ಬಾಕಿಗಳನ್ನು) ತರುವ ಹಂತ ಅತ್ಯಂತ ಕಷ್ಟದ್ದಾಗಿತ್ತು. ತಂತ್ರಾಂಶದಲ್ಲಿ "ತಾತ್ಕಾಲಿಕ ಆರಂಭ" ಎಂಬ ಲೆಕ್ಕವೊಂದಿದೆ. ಆರಂಭ ಶಿಲ್ಕುಗಳೆಲ್ಲ ಸರಿಯಾಗಿ ಬಂದ ಮೇಲೆ ಅದರಲ್ಲಿ ಸೊನ್ನೆ ಉಳಿಯಬೇಕು. ನಮ್ಮಲ್ಲಿ ಏಳು ತಿಂಗಳು ಅದು ಸೊನ್ನೆಯಾಗಲಿಲ್ಲ. ಅಳವಡಿಸಿಕೊಟ್ಟ ಏಜೆನ್ಸಿಯವರು ವ್ಯಕ್ತಿವಾರು ಮುಂಗಡಗಳನ್ನು ಘಟಕಕ್ಕೊಂದು ಮೊತ್ತವಾಗಿ ಹಾಕಿಬಿಟ್ಟಿದ್ದರು, ನಾವೂ ನೋಡದೆ ಸಹಿ ಮಾಡಿದ್ದೆವು. ಬಿಡಿಸಲು ಕೂತಾಗ ಮೌಲ್ಯಮಾಪನ ಕೇಂದ್ರಗಳಿಗೆ ಕೊಟ್ಟ ಮುಂಗಡಗಳು ಹೊರಬಂದವು: ಮುಂಗಡ ಪರೀಕ್ಷಾ ವಿಭಾಗದ ಪುಸ್ತಕದಲ್ಲಿ, ಅದರ ಹೊಂದಾಣಿಕೆಯ ಬಿಲ್ಲು ಕೇಂದ್ರದ ಪುಸ್ತಕದಲ್ಲಿ. ಹೀಗಾಗಿ ಸರಿಯಾಗಿ ಲೆಕ್ಕ ಒಪ್ಪಿಸಿದ ಪ್ರಾಧ್ಯಾಪಕರ ಹೆಸರಿನಲ್ಲಿಯೂ ಬಾಕಿ ಉಳಿದಿತ್ತು. ಅವರಲ್ಲಿ ಒಬ್ಬರ ನಿವೃತ್ತಿ ಸೌಲಭ್ಯದ ಕಡತ ಇದೇ ಬಾಕಿಯಿಂದ ನಿಂತಿತ್ತು. ಎರಡು ಪುಸ್ತಕಗಳ ನಡುವೆ ಸಿಕ್ಕಿಕೊಂಡಿದ್ದ ಆ ಬಾಕಿಯನ್ನು ಒಂದೇ ಜರ್ನಲ್‌ನಿಂದ ತೀರಿಸಿದ ದಿನ ನಮ್ಮ ಶಾಖೆಯವರೆಲ್ಲರಿಗೂ ನೆಮ್ಮದಿಯಾಯಿತು.

ಒಮ್ಮೆ ಸಲ್ಲಿಸಿದ ಓಚರ್ ಅನ್ನು ಇಲ್ಲಿ ತಿದ್ದಲು ಬರುವುದಿಲ್ಲ. ರದ್ದು ಮಾಡಿ ತಿದ್ದುಪಡಿ ಪ್ರತಿ ತೆಗೆಯಬೇಕು. ಹಳೆಯದು ರದ್ದಾದ ಗುರುತಿನೊಂದಿಗೆ ಹಾಗೆಯೇ ಉಳಿದು, ಹೊಸದು ಅದೇ ಸಂಖ್ಯೆಯ ಮುಂದೆ ಅಡ್ಡಗೆರೆ ಒಂದು ಎಂದು ಬರುತ್ತದೆ. ಆರಂಭದಲ್ಲಿ ಗುಮಾಸ್ತರಿಗೆ ಇದು ಬಹಳ ಬೇಸರ ತಂದಿತು. ಆದರೆ ಲೆಕ್ಕಪರಿಶೋಧಕರು ಬಂದಾಗ ಯಾರು, ಯಾವಾಗ, ಏಕೆ ರದ್ದು ಮಾಡಿದರು ಎಂಬುದನ್ನು ಪರದೆಯ ಮೇಲೆಯೇ ತೋರಿಸಲು ಸಾಧ್ಯವಾದುದರಿಂದ, ಬಿಳಿ ಶಾಯಿ ಬಳಿದ ನಗದು ಪುಸ್ತಕಕ್ಕೆ ಉತ್ತರ ಬರೆಯುತ್ತಿದ್ದ ನಮ್ಮ ಹಳೆಯ ಪಾಡು ತಪ್ಪಿತು.

ಉಳಿದ ವಿಷಯಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಬ್ಯಾಂಕ್ ತಾಳೆ ಈಗ ತಿಂಗಳ ಮೊದಲ ವಾರದಲ್ಲಿ ಮುಗಿಯುತ್ತದೆ. ಎರಡೂವರೆ ಲಕ್ಷ ಮೀರಿದ ಗುತ್ತಿಗೆಗಳಲ್ಲಿ ಶೇ. 2ರ ಜಿಎಸ್‌ಟಿ ಟಿಡಿಎಸ್ ಕಡಿತವನ್ನು ಎಲ್ಲ ಘಟಕಗಳೂ ಒಂದೇ ರೀತಿ ಮಾಡುತ್ತಿವೆ. ಕೇಂದ್ರ ಸರ್ಕಾರದ ಯೋಜನೆಗಳಿಗೆ ಅದರ ಹಣದ ಲೆಕ್ಕ ಇಡುವ ಸರ್ಕಾರಿ ಜಾಲತಾಣ ಪಿಎಫ್‌ಎಂಎಸ್‌ನಲ್ಲಿ ನಮೂದಿಸುವ ಕೆಲಸ ಪ್ರತ್ಯೇಕವಾಗಿ ಉಳಿದಿದೆ, ಆದರೆ ಹಣ ಬಳಕೆ ಪ್ರಮಾಣಪತ್ರಕ್ಕೆ ಬೇಕಾದ ಅಂಕಿಗಳು, ಅನುದಾನದ ಮೇಲೆ ಬಂದ ಬಡ್ಡಿಯೂ ಸೇರಿ, ನಿಧಿವಾರು ಸಿಗುತ್ತವೆ. ಪರದೆಯ ಪದಗಳನ್ನು ನಾವೇ ಕನ್ನಡಕ್ಕೆ ಬದಲಾಯಿಸಿಕೊಳ್ಳಬಹುದು. "ಓಚರ್", "ಶಿಲ್ಕು", "ಮುಂಗಡ ಹೊಂದಾಣಿಕೆ" ಎಂಬ ಬಳಕೆಯ ಪದಗಳನ್ನೇ ಹಾಕಿದ್ದರಿಂದ ಹಿರಿಯ ಸಿಬ್ಬಂದಿಯ ಅಳುಕು ಬಹುಮಟ್ಟಿಗೆ ಹೋಯಿತು. ಹದಿಮೂರನೇ ಆವೃತ್ತಿಯಿಂದ ಹದಿನೈದಕ್ಕೆ ಏರುವಾಗ ನಮ್ಮದೇ ಸ್ಕ್ರಿಪ್ಟ್‌ಗಳನ್ನು ಮತ್ತೆ ಪರೀಕ್ಷಿಸಬೇಕಾಯಿತು. ಅದಕ್ಕೆಂದು ಪ್ರತಿ ಬಾರಿ ಒಂದು ತಿಂಗಳನ್ನು ಮೀಸಲಿಡಬೇಕು, ಮತ್ತು ಆ ತಿಂಗಳು ಮಾರ್ಚ್ ಆಗಿರಬಾರದು. ಅಂತರ್ಜಾಲ ಕೈಕೊಟ್ಟ ದಿನ ಕೇಂದ್ರಗಳು ಕೈರಸೀದಿ ಬರೆದು ಮರುದಿನ ನಮೂದಿಸುತ್ತವೆ.

ಘಟಕಗಳಿಗೆ ತಮ್ಮದೇ ಲೆಕ್ಕದ ಸಿಬ್ಬಂದಿ ಇಲ್ಲದಿದ್ದರೆ, ಅಥವಾ ಕಚೇರಿಯೊಳಗೆ ಈ ತಂತ್ರಾಂಶವನ್ನು ಒಳಹೊಕ್ಕು ಕಲಿಯುವ ಒಬ್ಬರಾದರೂ ಸಿಗದಿದ್ದರೆ, ಇದನ್ನು ತೆಗೆದುಕೊಳ್ಳಿ ಎಂದು ನಾನು ಹೇಳಲಾರೆ. ಏಜೆನ್ಸಿಯನ್ನೇ ನಂಬಿ ನಡೆಸುವ ವ್ಯವಸ್ಥೆ ಇದಲ್ಲ. ನಮ್ಮಲ್ಲಿ ವೇತನ ಇನ್ನೂ ಬೇರೆ ವ್ಯವಸ್ಥೆಯಲ್ಲಿದೆ, ತಿಂಗಳಿಗೊಮ್ಮೆ ಒಂದು ಜರ್ನಲ್ ಆಗಿ ಬರುತ್ತದೆ. ಸಂಯೋಜಿತ ಕಾಲೇಜುಗಳು ಕಟ್ಟುವ ಶುಲ್ಕದ ಚಲನ್‌ಗಳನ್ನು ಮುಂದಿನ ಏಪ್ರಿಲ್‌ನಿಂದ ಇದರೊಳಗೆ ತರಲು ಸಿದ್ಧತೆ ನಡೆದಿದೆ. ಈ ಸಲ ಶೀರ್ಷಿಕೆಗಳ ಪಟ್ಟಿ ಮಾಡುವ ಸಭೆಗೆ ಕಾಲೇಜುಗಳ ಲೆಕ್ಕ ಗುಮಾಸ್ತರನ್ನು ಮೊದಲೇ ಕರೆದಿದ್ದೇವೆ, ಬರುವಾಗ ಹಿಂದಿನ ವರ್ಷದ ಚಲನ್ ಕಟ್ಟುಗಳನ್ನು ತರಬೇಕೆಂದು ಪತ್ರದಲ್ಲಿಯೇ ಬರೆದಿದ್ದೇವೆ.